ಅರವಟ್ಟಿಗೆಯ ಋಣ

ತಪ್ಪನ್ನು ತಿದ್ದಿಕೊಳ್ಳುವುದು ಒಳ್ಳೆಯದೆಂಬ ಮಾತಿಗೆ ಎದುರಾಡುವವರು ಯಾರೂ ಇಲ್ಲ. ಆದರೆ ಒಬ್ಬನ ತಪ್ಪನ್ನೇ ತಳಹದಿ ಮಾಡಿಕೊಂಡು ಸಾವಿರಾರು ಮಂದಿ ಮನೆ ಕಟ್ಟಿಕೊಂಡಿದ್ದರೆ, ಆಗ ಅದನ್ನು ತಿದ್ದುವ ಹಕ್ಕು ಯಾರದು? ತಿದ್ದುವಾಗ ಬೀಳುವ ಗೋಡೆಗಳ ಖರ್ಚು ಯಾರ ತಲೆಯ ಮೇಲೆ? ಧರ್ಮಶಾಸ್ತ್ರಗಳಲ್ಲಿ ಹುಡುಕಬೇಕಾದ ಈ ಪ್ರಶ್ನೆ ನನಗೆ ಎದುರಾದದ್ದು ಕಂಪ್ಯೂಟರಿನ ಮುಂದೆ, ಪೈಥಾನ್ ಎಂಬ ಭಾಷೆಯ ಹೊಸ ಸುದ್ದಿಗಳನ್ನು ಓದುತ್ತಿದ್ದಾಗ.

ಪೈಥಾನ್ ಎಂದರೆ ಇಲ್ಲಿ ಹೆಬ್ಬಾವಲ್ಲ. ‘ಮಾಂಟಿ ಪೈಥಾನ್’ ಎಂಬುದು ಇಂಗ್ಲೆಂಡಿನ ಟೆಲಿವಿಷನ್ನಿನ ಒಂದು ಹಾಸ್ಯ ತಂಡ. ಅದರ ಹೆಸರನ್ನು ಈ ಭಾಷೆಗೆ ಇಟ್ಟವನು ಹಾಲೆಂಡಿನ ಗೀಡೋ ವಾನ್ ರಾಸಮ್. ೧೯೮೯ರ ಕ್ರಿಸ್‌ಮಸ್ ರಜೆಯಲ್ಲಿ ಹೊತ್ತು ಕಳೆಯಲು ಶುರುಮಾಡಿದ ಕೆಲಸವನ್ನು ಅವನು ೧೯೯೧ರಲ್ಲಿ ಲೋಕಕ್ಕೆ ಪುಕ್ಕಟೆಯಾಗಿ ಕೊಟ್ಟ. ಕಂಪ್ಯೂಟರಿಗೆ ಕೆಲಸ ಹೇಳಲು ಇಂದು ವಿಜ್ಞಾನಿಗಳೂ ಬ್ಯಾಂಕುಗಳೂ ಶಾಲೆಯ ಮಕ್ಕಳೂ ಬಳಸುವುದು ಇದನ್ನೇ. ನಾನೇನೂ ಈ ವಿದ್ಯೆಯ ಪಂಡಿತನಲ್ಲ. ಕನ್ನಡದ ಪದಗಳನ್ನು ಎಣಿಸುವುದಕ್ಕೆ, ಅಕಾರಾದಿಯಾಗಿ ಜೋಡಿಸುವುದಕ್ಕೆ ಇದರ ಸಹಾಯ ಪಡೆಯುವವನು.

ಹಳೆಯ ಪೈಥಾನಿಗೆ ಕೆಲವು ಹುಟ್ಟುದೋಷಗಳಿದ್ದವು. ೩ನ್ನು ೨ರಿಂದ ಭಾಗಿಸು ಎಂದರೆ ೧ ಎಂದು ಹೇಳಿ, ಉಳಿದ ಅರ್ಧವನ್ನು ನುಂಗಿಬಿಡುತ್ತಿತ್ತು. ‘ಕನ್ನಡ’ ಎಂಬ ಪದದ ಉದ್ದವೆಷ್ಟು ಎಂದು ಕೇಳಿದರೆ, ವಿಶೇಷ ಗುರುತು ಹಾಕಿ ಎಚ್ಚರಿಸದಿದ್ದಲ್ಲಿ, ೧೫ ಎಂಬ ಉತ್ತರ ಬರುತ್ತಿತ್ತು. ಅದು ಎಣಿಸುತ್ತಿದ್ದುದು ಅಕ್ಷರಗಳನ್ನಲ್ಲ, ಯಂತ್ರದ ಹೊಟ್ಟೆಯಲ್ಲಿ ಅವು ಹಿಡಿಯುವ ಬೈಟುಗಳನ್ನು. ೨೦೦೮ರ ಡಿಸೆಂಬರಿನಲ್ಲಿ ಬಂದ ಪೈಥಾನ್ ೩ ಇವನ್ನೆಲ್ಲ ತಿದ್ದಿತು. ೩ರ ಅರ್ಧ ಒಂದೂವರೆಯಾಯಿತು. ಲೋಕದ ಲಿಪಿಗಳಿಗೆಲ್ಲ ಲೆಕ್ಕವಿಟ್ಟ ಯುನಿಕೋಡನ್ನು ಅದು ಮೂಲದಲ್ಲೇ ಒಪ್ಪಿಕೊಂಡು, ‘ಕನ್ನಡ’ದ ಉದ್ದ ೫ ಎಂದಿತು: ಕ, ನ, ಹಲಂತದ ಚಿಹ್ನೆ, ಮತ್ತೊಂದು ನ, ಡ. ನಮ್ಮ ಮನೆಯ ಮಗು ೩ ಎನ್ನುತ್ತದೆ, ಮಗುವಿನದೇ ಸರಿ. ಆದರೂ ೧೫ರಿಂದ ೫ಕ್ಕೆ ಬಂದದ್ದು ದೊಡ್ಡ ನಡಿಗೆಯೇ. ಬೈಟಿನ ಲೆಕ್ಕ ಬಿಟ್ಟು ಅಕ್ಷರದ ಲೆಕ್ಕ ಹಿಡಿಯಿತಲ್ಲ!

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಹಳೆಯ ಪೈಥಾನಿನಲ್ಲಿ ಬರೆದದ್ದು ಎಷ್ಟೋ ಸಲ ಹೊಸದರಲ್ಲಿ ನಡೆಯಲೇ ಇಲ್ಲ. ಒಂದು ಸಾಲನ್ನು ಪರದೆಯ ಮೇಲೆ ಅಚ್ಚು ಹಾಕುವ ಅತಿ ಸರಳವಾದ ಆಜ್ಞೆಯ ರೂಪವೇ ಬದಲಾಗಿತ್ತು. ಹತ್ತು ವರ್ಷ ಕೂತು ಬರೆದವರು ಮತ್ತೆ ಮೊದಲಿಂದ ತಿದ್ದಬೇಕಾಯಿತು. ಬರೆದವನು ಕೆಲಸ ಬಿಟ್ಟು ಹೋಗಿದ್ದ ಕಡೆ, ಅದರ ಮರ್ಮ ಬಲ್ಲವರೇ ಇರಲಿಲ್ಲ. ಹಳೆಯ ಸಾಲಿನ ಕಡೆಯದಾದ ೨.೭ಕ್ಕೆ ೨೦೧೫ರಲ್ಲಿ ಬೀಳ್ಕೊಡುಗೆ ಎಂದಿದ್ದರು. ಜನ ಹೊರಡಲಿಲ್ಲವಾಗಿ ೨೦೨೦ಕ್ಕೆ ಮುಂದೂಡಿದರು. ತಿದ್ದುಪಡಿ ಹುಟ್ಟಿದಂದಿನಿಂದ ಹಳೆಯದು ಕಣ್ಣು ಮುಚ್ಚುವವರೆಗೆ ಹನ್ನೊಂದು ವರ್ಷಕ್ಕೂ ಮಿಕ್ಕಿ ಹಿಡಿಯಿತು.

“ಪುಕ್ಕಟೆ ಕೊಟ್ಟವನನ್ನು ಕೇಳುವ ಹಕ್ಕು ನಿಮಗೆಲ್ಲಿದೆ? ಬೇಡವಾದರೆ ಬಿಡಿ” ಎನ್ನುವವರುಂಟು. ಈ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ದಾರಿಯ ಬದಿಯಲ್ಲಿ ಒಬ್ಬ ಪುಣ್ಯಾತ್ಮ ಅರವಟ್ಟಿಗೆ ಇಡುತ್ತಾನೆ. ಇಡಲೇಬೇಕೆಂಬ ಕಟ್ಟುಪಾಡು ಅವನಿಗೇನೂ ಇರಲಿಲ್ಲ. ಆದರೆ ವರ್ಷವರ್ಷವೂ ಅಲ್ಲಿ ನೀರುಂಟೆಂದು ಕಂಡ ದಾರಿಹೋಕರು ಕ್ರಮೇಣ ಮನೆಯಿಂದ ತಂಬಿಗೆ ತರುವುದನ್ನು ಬಿಡುತ್ತಾರೆ. ಆಮೇಲೆ ನಡುಬೇಸಗೆಯ ಒಂದು ಮಧ್ಯಾಹ್ನ ಅವನು ಹೇಳದೆ ಕೇಳದೆ ಗಡಿಗೆ ಎತ್ತಿಟ್ಟರೆ, ಅದು ತಪ್ಪಲ್ಲವೆ? ಅವನ ದಾನದಿಂದ ಅವರಲ್ಲಿ ನಂಬಿಕೆ ಹುಟ್ಟಿತು. ಆ ನಂಬಿಕೆಯಿಂದ ಅವನಿಗೊಂದು ಋಣ ಹುಟ್ಟಿತು. ಕೊಟ್ಟವನ ಮೇಲೂ ಋಣ ಬೀಳುತ್ತದೆಂಬುದು ವಿಚಿತ್ರವಾಗಿ ಕಂಡೀತು. ಆದರೆ ಮಕ್ಕಳನ್ನು ಸಾಕಿದವರಿಗೆಲ್ಲ ಇದು ಗೊತ್ತಿರುವ ಸಂಗತಿ.

ಹಾಗೆಂದು ಗಡಿಗೆ ತೂತಾದರೂ ಅದನ್ನೇ ಇಟ್ಟುಕೊಂಡು ಕೂರಬೇಕೆ? ಅಪ್ಪ ನೆಟ್ಟ ಆಲದ ಮರವೆಂದು ಯಾರೂ ನೇಣು ಹಾಕಿಕೊಳ್ಳುವುದಿಲ್ಲ. ಹಳಬರ ಅನುಕೂಲಕ್ಕಾಗಿ ಆ ತಪ್ಪನ್ನು ಹಾಗೆಯೇ ಬಿಟ್ಟಿದ್ದರೆ, ಅದರ ಸುಂಕವನ್ನು ಇಂಗ್ಲಿಷೇತರ ಲಿಪಿಯವರು ಎಂದೆಂದಿಗೂ ಕಟ್ಟುತ್ತಲೇ ಇರಬೇಕಾಗಿತ್ತು. ಅವರು ಕಟ್ಟುತ್ತಿದ್ದ ಸುಂಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅಷ್ಟೆ. ಬದಲಾವಣೆಯ ನೋವು ಕೂಗಿಕೊಳ್ಳುತ್ತದೆ. ಬದಲಾಯಿಸದಿರುವುದರ ನೋವು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ.

ಕೊಡುವವನೂ ಮನುಷ್ಯನೇ. ೨೦೧೮ರಲ್ಲಿ ಒಂದು ಚಿಕ್ಕ ಚಿಹ್ನೆಯನ್ನು ಭಾಷೆಗೆ ಸೇರಿಸುವ ವಿಚಾರದಲ್ಲಿ ನಡೆದ ವಾಗ್ವಾದದಿಂದ ಬೇಸತ್ತು ಗೀಡೋ ಯಜಮಾನಿಕೆಯನ್ನೇ ಬಿಟ್ಟುಕೊಟ್ಟ. ೨೦೧೯ರಿಂದ ಆ ಜಾಗದಲ್ಲಿ ಐವರ ಚುನಾಯಿತ ಸಮಿತಿಯಿದೆ. ನೀರು ಕುಡಿದವರೆಲ್ಲ ಗಡಿಗೆಯ ಕೊಂಕು ಹೇಳುತ್ತ ಹೋದರೆ ಹೊರುವವನ ಹೆಗಲು ಸೋಲದೆ ಇರುತ್ತದೆಯೆ?

ತಿದ್ದಲೂ ಬೇಕು, ನಂಬಿದವರನ್ನು ಬೀಳಿಸಲೂ ಬಾರದು ಎಂಬ ಇಕ್ಕಟ್ಟು ನಮಗೆ ಹೊಸದಲ್ಲ. ೧೯೫೭ರ ಏಪ್ರಿಲ್ ಒಂದರಂದು ಆಣೆ ಹೋಗಿ ನಯೇ ಪೈಸೆ ಬಂತು. ನೂರರ ಲೆಕ್ಕ ಸುಲಭವೆಂಬುದರಲ್ಲಿ ಸಂಶಯವಿರಲಿಲ್ಲ. ಆದರೆ ಒಂದಾಣೆಗೆ ಆರೂಕಾಲು ಪೈಸೆ. ಆ ಕಾಲು ಪೈಸೆಯನ್ನು ಯಾರು ಬಿಡಬೇಕು, ಅಂಗಡಿಯವನೋ, ಸೊಪ್ಪು ಕೊಳ್ಳಲು ಬಂದ ಮುದುಕಿಯೋ? ಎಂಥ ಸುಧಾರಣೆಯಲ್ಲೂ ಇಂಥದೊಂದು ಕಾಲು ಪೈಸೆ ಉಳಿದೇ ಉಳಿಯುತ್ತದೆ. ಅಂದು ಹಳೆಯ ನಾಣ್ಯವೂ ಹೊಸದೂ ಕೆಲಕಾಲ ಒಟ್ಟಿಗೇ ಚಲಾವಣೆಯಲ್ಲಿದ್ದುದರಿಂದ ಜನ ತಡೆದುಕೊಂಡರು.

ಪೈಥಾನಿನವರೂ ಈ ಪಾಠ ಕಲಿತಂತೆ ಕಾಣುತ್ತದೆ. ಅದರೊಳಗೆ ಹಿಂದಿನಿಂದ ಒಂದು ಬೀಗವಿದೆ. ಮದುವೆಮನೆಯ ಅಡಿಗೆಗೆ ಎಂಟು ಜನ ಭಟ್ಟರು ಬಂದಿದ್ದಾರೆ, ಆದರೆ ಸೌಟು ಒಂದೇ. ಅದನ್ನು ಹಿಡಿದವನು ಮಾತ್ರ ಕೈಯಾಡಿಸಬೇಕು. ಇಬ್ಬರು ಒಂದೇ ಪಾತ್ರೆಗೆ ಉಪ್ಪು ಹಾಕಿ ಕೆಡಿಸಬಾರದೆಂದು ಮಾಡಿದ ಏರ್ಪಾಡು ಅದು. ಯಂತ್ರಗಳಿಗೆ ಒಂದೇ ಮಿದುಳಿದ್ದ ಕಾಲಕ್ಕೆ ಅದು ಸರಿ. ಎಂಟು, ಹದಿನಾರು ಮಿದುಳುಗಳು ಬಂದ ಮೇಲೆ ಉಳಿದವರು ಕೈಕಟ್ಟಿ ನಿಲ್ಲಬೇಕಾಯಿತು. ಈ ಬೀಗ ತೆಗೆಯಲು ಸ್ಯಾಮ್ ಗ್ರಾಸ್ ಎಂಬಾತ ದಾರಿ ತೋರಿಸಿದ. ೨೦೨೩ರಲ್ಲಿ ಸಮಿತಿ ಒಪ್ಪಿತು. ಆದರೆ ಪೈಥಾನ್ ೩ರ ಕಥೆ ಮರುಕಳಿಸಬಾರದು, ಹೆಜ್ಜೆಹೆಜ್ಜೆಯಾಗಿ ಹೋಗಬೇಕು, ಕೆಟ್ಟದ್ದು ಹೆಚ್ಚಾದರೆ ಹಿಂದಿರುಗಬೇಕು ಎಂದಿತು. ೨೦೨೪ರ ಅಕ್ಟೋಬರಿನ ೩.೧೩ರಲ್ಲಿ ಬೀಗವಿಲ್ಲದ ರೂಪ ಪ್ರಯೋಗವೆಂದು ಬಂತು. ೨೦೨೫ರ ಅಕ್ಟೋಬರಿನ ೩.೧೪ರಲ್ಲಿ ಅದಕ್ಕೆ ಅಧಿಕೃತ ಮನ್ನಣೆ ದೊರೆಯಿತು. ಆದರೂ ಬೇಕೆಂದವರಿಗೆ ಮಾತ್ರ. ಒಬ್ಬನೇ ಅಡಿಗೆಯವನಿದ್ದಲ್ಲಿ ಹೊಸ ಏರ್ಪಾಡು ಸುಮಾರು ನೂರಕ್ಕೆ ಐದರಿಂದ ಹತ್ತರಷ್ಟು ನಿಧಾನವೆಂಬುದನ್ನೂ ಅವರು ಬಚ್ಚಿಟ್ಟಿಲ್ಲ. ೩.೧೩ರಲ್ಲೇ ಹತ್ತೊಂಬತ್ತು ಹಳೆಯ ಉಪಕರಣಗಳನ್ನು ಉಗ್ರಾಣದಿಂದ ತೆಗೆದುಹಾಕಿದರು; ಎರಡು ವರ್ಷ ಮೊದಲೇ ಅವುಗಳ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಿದ್ದರು.

ಇಷ್ಟರಿಂದ ನನ್ನ ಪ್ರಶ್ನೆ ಬಗೆಹರಿಯಿತೆಂದಲ್ಲ. ನಿಧಾನವೂ ಒಮ್ಮೊಮ್ಮೆ ಅನ್ಯಾಯದ ಇನ್ನೊಂದು ಹೆಸರಾಗಬಹುದು. ಎಂದೂ ಹೊರಡದವನಿಗಾಗಿ ಬಂಡಿಯನ್ನು ಎಂದೆಂದಿಗೂ ನಿಲ್ಲಿಸುವುದು, ಹತ್ತಿ ಕೂತವರಿಗೆ ಮಾಡುವ ದ್ರೋಹ. ಆದರೂ ನನಗೆ ತೋರುವುದಿಷ್ಟು: ತಿದ್ದುವ ಹಕ್ಕು, ತಿದ್ದುಪಡಿಯ ಭಾರದಲ್ಲಿ ಒಂದು ಪಾಲನ್ನು ತಾನೂ ಹೊರುವವನಿಗೆ ಉಂಟು. ಮೊದಲೇ ಹೇಳುವುದು, ಎರಡನ್ನೂ ಕೆಲಕಾಲ ನಡೆಸುವುದು, ದಾರಿಯಲ್ಲಿ ಹಿಂದುಳಿದವನಿಗೆ ಕೈಕೊಡುವುದು, ಇವು ಅವನ ಪಾಲು. ಕುಡಿದವರಿಗೂ ಒಂದು ಪಾಲಿದೆ. ಅರವಟ್ಟಿಗೆಯವನು “ಬರುವ ವರ್ಷ ಗಡಿಗೆ ಅತ್ತ ಮರದ ಕೆಳಗಿರುತ್ತದೆ” ಎಂದು ಹೇಳಿದರೆ, ಅದನ್ನು ಕಿವಿಗೆ ಹಾಕಿಕೊಂಡು ಆ ಹತ್ತು ಹೆಜ್ಜೆ ನಡೆಯಬೇಕು. ಸಾಧ್ಯವಾದರೆ ಹೋಗುವಾಗ ಒಂದು ಕೊಡ ನೀರು ಸೇದಿ ಹಾಕಿ ಹೋಗಬೇಕು.