ಹುಚ್ಚು ಎನ್ನುವ ಮೊದಲು

ನಿಮ್ಮ ಮನೆಯ ಹುಡುಗನೊಬ್ಬ ಮೂರು ತಿಂಗಳಿಂದ ಅಂಗಡಿಗೆ ಹೋಗುತ್ತಿಲ್ಲ, ಸ್ನಾನ ಮಾಡುವುದಿಲ್ಲ, ಬಾಗಿಲು ಹಾಕಿಕೊಂಡು ತನ್ನಷ್ಟಕ್ಕೆ ಮಾತಾಡುತ್ತಾನೆ ಎಂದಿಟ್ಟುಕೊಳ್ಳಿ. ನೆರೆಯವರು ತಲೆ ಕೆಟ್ಟಿದೆ ಎನ್ನುತ್ತಾರೆ. ವೈದ್ಯರು ರೋಗದ ಹೆಸರು ಹುಡುಕುತ್ತಾರೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಮಾತ್ರ ಬೇರೆಯೇ ಪ್ರಶ್ನೆ ಕೇಳುತ್ತಾರೆ: ಆತ ಯಾರೊಡನೆ ಉಣ್ಣುತ್ತಾನೆ? ಮನೆಯವರು ಅವನಿಂದ ಏನನ್ನು ನಿರೀಕ್ಷಿಸಿದ್ದರು?

ಇದು ಕಾಡುಹರಟೆಯಲ್ಲ. ಅಮೆರಿಕದ ಹ್ಯಾರಿಯೆಟ್ ಬಾರ್ಟ್‌ಲೆಟ್ 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾಮಾಜಿಕ ಕಾರ್ಯನಿರ್ವಹಣೆಯನ್ನು ವ್ಯಕ್ತಿ ನಿಭಾಯಿಸುವ ರೀತಿ ಮತ್ತು ಪರಿಸರ ಅವನ ಮೇಲೆ ಹೊರಿಸುವ ಬೇಡಿಕೆ ಇವೆರಡರ ನಡುವಿನ ಸಮತೋಲವಾಗಿ ಕಂಡರು. ತಕ್ಕಡಿ ವಾಲಿದರೆ ದೋಷ ಒಂದೇ ತಟ್ಟೆಯಲ್ಲಿದೆ ಎಂದು ಮೊದಲೇ ತೀರ್ಮಾನಿಸುವಂತಿಲ್ಲ. ಹಾಗೆಂದು ಕಾಯಿಲೆಯೇ ಇಲ್ಲವೆಂದಲ್ಲ. ಔಷಧಿ ಬೇಕಾದವನಿಗೆ ಔಷಧಿ ಬೇಕೇ ಬೇಕು.

ಆದರೆ ಈ ಅಳತೆಗೋಲಿನಲ್ಲೂ ಒಂದು ಅಪಾಯವಿದೆ. ಎಲ್ಲರೂ ಮೆಚ್ಚುವಂತೆ ನಡೆದುಕೊಳ್ಳುವವನೇ ಸ್ವಸ್ಥನೇ? 1851ರಲ್ಲಿ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್, ಒಡೆಯನಿಂದ ತಪ್ಪಿಸಿಕೊಂಡು ಓಡುವ ಗುಲಾಮನಿಗೆ ಮನೋರೋಗವಿದೆಯೆಂದು ಬರೆದು ಅದಕ್ಕೊಂದು ಗ್ರೀಕ್ ಹೆಸರನ್ನೂ ಇಟ್ಟ. ಗುಲಾಮಗಿರಿಗೆ ಹೊಂದಿಕೊಂಡವನು ಆರೋಗ್ಯವಂತ, ಬಿಡುಗಡೆ ಬಯಸಿದವನು ರೋಗಿ! ನಗಬೇಡಿ. ಗಂಡನ ಮನೆಯಲ್ಲಿ ಹೊಡೆತ ತಿಂದು ಮಾತು ಬಿಟ್ಟ ಸೊಸೆಗೆ ಜಿನ್ನ್ ಹಿಡಿದಿದೆ ಎನ್ನುವಾಗ ನಾವು ಯಾರ ಅಳತೆಗೋಲು ಹಿಡಿದಿರುತ್ತೇವೆ?

ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯನ್ನು ನೆನಪಿಸಿಕೊಳ್ಳಿ. ದರ್ಗಾದ ಊರದು. ವಾಸಿಯಾಗಲೆಂದು ಮನೆಯವರೇ ಕರೆತಂದು ಬಿಟ್ಟ ರೋಗಿಗಳು ಅಲ್ಲಿನ ಖಾಸಗಿ ಆಶ್ರಯಗಳಲ್ಲಿದ್ದರು. 2001ರ ಆಗಸ್ಟ್ 6ರ ಮುಂಜಾನೆ ಅಂಥದೊಂದು ಆಶ್ರಯಕ್ಕೆ ಬೆಂಕಿ ಬಿತ್ತು. ಸಂಕೋಲೆಯಲ್ಲಿದ್ದವರು ಓಡುವುದೆಲ್ಲಿಗೆ? 28 ಮಂದಿ ಸತ್ತರು. ಅವರನ್ನು ಬಿಟ್ಟುಹೋದವರೆಲ್ಲ ಕಟುಕರಾಗಿರಲಿಕ್ಕಿಲ್ಲ. ಎಷ್ಟೋ ಮಂದಿ ದಣಿದಿದ್ದಿರಬೇಕು. ದಣಿದ ಮನೆಯ ಹೆಗಲಿಗೆ ಹೆಗಲು ಕೊಡುವವರಿಲ್ಲದಿದ್ದರೆ ಸಂಕೋಲೆಯೇ ಸುಲಭವಾಗಿ ಕಾಣುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸಂಕೋಲೆ ಹಾಕುವುದನ್ನು ನಿಷೇಧಿಸಿದೆ, ಸರಿ. ಆದರೆ ದಣಿವಿಗೆ ಕಾಯ್ದೆಯಲ್ಲಿ ಮದ್ದಿಲ್ಲ.

ಸೂರಃ ಅನ್ನಿಸಾದ 5ನೇ ಸೂಕ್ತವನ್ನು ಬಿಚ್ಚಿ ನೋಡಿ. ತಿಳಿವಳಿಕೆ ಸಾಲದವರ ಕೈಗೆ ಸೊತ್ತು ಒಪ್ಪಿಸುವುದನ್ನು ಅದು ತಡೆಯುತ್ತದೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಅದೇ ಸೊತ್ತಿನಿಂದ ಅವರ ಅನ್ನ ಬಟ್ಟೆ ನಡೆಯಬೇಕು, ಅವರೊಡನೆ ಒಳ್ಳೆಯ ಮಾತಾಡಬೇಕು ಎನ್ನುತ್ತದೆ. ಲೆಕ್ಕದ ಪುಸ್ತಕಕ್ಕೆ ಒದಗದವನು ಊಟದ ಸುಪ್ರಕ್ಕೂ ಬೇಡವಾದವನಲ್ಲ.

ಈಗ ಮತ್ತೆ ಆ ಹುಡುಗನ ಕೋಣೆಗೆ ಬನ್ನಿ. ಅಂಗಡಿ ಸದ್ಯಕ್ಕೆ ಇರಲಿ, ಬೆಳಗ್ಗೆ ಕೋಳಿಗಳಿಗೆ ಕಾಳು ಹಾಕಬಲ್ಲನೇ ಎಂದು ಸಮಾಜ ಕಾರ್ಯಕರ್ತೆ ವಿಚಾರಿಸುತ್ತಾರೆ. ತಾಯಿ ತಂದೆಯ ಮುಖ ನೋಡುತ್ತಾರೆ, ತಂದೆ ಅಣ್ಣನ ಮುಖ ನೋಡುತ್ತಾರೆ. ಮೂರು ತಿಂಗಳಲ್ಲಿ ಯಾರೂ ಅವನನ್ನೇ ಕೇಳಿರಲಿಲ್ಲ.