ಔಷಧದಾನವೂ ಅಭಯದಾನವೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಶ್ರಾವಕಧರ್ಮದ ಭೂಷಣಗಳು. ಇವುಗಳ ನಡುವೆ ವಿರೋಧವುಂಟೆಂದು ಸಾಮಾನ್ಯವಾಗಿ ನಾವು ಭಾವಿಸುವುದಿಲ್ಲ. ಹಸಿದವನಿಗೆ ಅನ್ನವಿಕ್ಕಿದ ಮಾತ್ರಕ್ಕೆ ಶಾಸ್ತ್ರದಾನಕ್ಕೆ ಕುಂದು ಬಾರದು. ಆದರೆ ಔಷಧದಾನವೂ ಅಭಯದಾನವೂ ಮುಖಾಮುಖಿಯಾಗಿ ನಿಲ್ಲುವ ಸಂದರ್ಭಗಳುಂಟು. ರೋಗಿಯ ನೋವನ್ನು ನೀಗುವ ಔಷಧಿಯು ಮತ್ತೊಂದು ಜೀವಿಯ ಭಯದಿಂದಲೂ ಮರಣದಿಂದಲೂ ದೊರೆತದ್ದಾದರೆ, ಒಂದು ಕೈಯಿಂದ ಕೊಟ್ಟ ದಾನವನ್ನು ಮತ್ತೊಂದು ಕೈಯಿಂದ ಕಸಿದುಕೊಂಡಂತೆ ಆಗುವುದಿಲ್ಲವೆ?

ದಾನದ ಫಲವು ವಿಧಿ, ದ್ರವ್ಯ, ದಾತೃ, ಪಾತ್ರಗಳ ವಿಶೇಷತೆಯನ್ನು ಅವಲಂಬಿಸಿದೆಯೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ದಾತೃವಿನ ಭಾವಶುದ್ಧಿಯನ್ನೂ ಪಾತ್ರದ ಯೋಗ್ಯತೆಯನ್ನೂ ಕುರಿತು ನಾವು ಬಹಳಷ್ಟು ಚರ್ಚಿಸಿದ್ದೇವೆ. ದ್ರವ್ಯದ ವಿಚಾರ ಅಷ್ಟಾಗಿ ನಡೆದಿಲ್ಲ. ಒಂದು ಬಸದಿಯ ಟ್ರಸ್ಟು ಔಷಧಾಲಯದ ಹೊಸ್ತಿಲು ದಾಟಿ, ರೋಗಗಳ ಮೂಲವನ್ನು ಅರಸುವ ಸಂಶೋಧನೆಗೆ ನೆರವು ನೀಡಲು ಮುಂದಾದಾಗ ಈ ವಿಚಾರ ಅನಿವಾರ್ಯವಾಗುತ್ತದೆ. ಪ್ರಯೋಗಶಾಲೆಯ ಒಂದು ಚಿಕ್ಕ ವಸ್ತುವನ್ನು ನಿದರ್ಶನವಾಗಿ ತೆಗೆದುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಯುಕ್ತವೆನಿಸುತ್ತದೆ.

ನಮ್ಮ ದೇಹದ ಜೀವಕೋಶಗಳು ಸದಾ ಆಘಾತಗಳಿಗೆ ಒಳಗಾಗುತ್ತಿರುತ್ತವೆ. ಅತಿನೇರಳೆ ಕಿರಣ, ಅತಿಯಾದ ಉಷ್ಣ, ಲವಣಾಂಶದ ಏರುಪೇರು, ಉರಿಯೂತ ಇವೆಲ್ಲವೂ ಕೋಶಕ್ಕೆ ಒದಗುವ ಸಂಕಟಗಳು. ಈ ಸಂಕಟದ ಸುದ್ದಿಯನ್ನು ಕೋಶದ ಒಳಗೆ ಮುಟ್ಟಿಸುವ ದೂತರೆಂದರೆ ಕೈನೇಸ್ ಎಂಬ ಕಿಣ್ವಗಳು. ಎ.ಟಿ.ಪಿ. ಎಂಬ ಶಕ್ತಿವಾಹಕ ಅಣುವಿನಿಂದ ಒಂದು ಫಾಸ್ಫೇಟನ್ನು ತೆಗೆದು ಮತ್ತೊಂದು ಪ್ರೋಟೀನಿಗೆ ಅಂಟಿಸುವುದೇ ಇವುಗಳ ಕೆಲಸ. ಅಷ್ಟರಿಂದಲೇ ಆ ಪ್ರೋಟೀನು ಎಚ್ಚೆತ್ತು ಮುಂದಿನದಕ್ಕೆ ಸುದ್ದಿ ಮುಟ್ಟಿಸುತ್ತದೆ. ಮನುಷ್ಯನ ವಂಶವಾಹಿಗಳಲ್ಲಿ ಇಂತಹ 518 ಕೈನೇಸ್‌ಗಳನ್ನು 2002ರಲ್ಲಿ ಪಟ್ಟಿ ಮಾಡಲಾಯಿತು. ಸಂಕಟಕಾಲದ ದೂತರಲ್ಲಿ ಜೆ.ಎನ್.ಕೆ. ಮತ್ತು ಪಿ-38 ಎಂಬವು ಮುಖ್ಯವಾದವು. ಪೆಟ್ಟು ತಿಂದ ಕೋಶವು ಚೇತರಿಸಿಕೊಳ್ಳಬೇಕೆ ಅಥವಾ ತಾನಾಗಿ ಅಳಿಯಬೇಕೆ ಎಂಬ ನಿರ್ಣಯದಲ್ಲಿ ಇವುಗಳ ಪಾತ್ರವಿದೆ. ಆದ್ದರಿಂದಲೇ ಸಂಧಿವಾತ, ಅರ್ಬುದ, ನರಗಳ ಕ್ಷಯ ಮುಂತಾದ ರೋಗಗಳನ್ನು ಅಭ್ಯಸಿಸುವವರಿಗೆ ಇವು ಬೇಕು.

ಈ ಕಿಣ್ವಗಳು ಮೊದಲು ದೊರೆತ ಬಗೆಯನ್ನು ಗಮನಿಸಬೇಕು. ಕೈನೇಸ್‌ಗಳ ಕಾರ್ಯವನ್ನು 1950ರ ದಶಕದಲ್ಲಿ ಬೆಳಕಿಗೆ ತಂದ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಮೊಲದ ಸ್ನಾಯುವಿನ ಮೇಲೆ ಕೆಲಸ ಮಾಡಿದರು. 1992ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಜೆ.ಎನ್.ಕೆ. ವರ್ಗದ ಕಿಣ್ವವನ್ನು ಮೊದಲು ಶುದ್ಧೀಕರಿಸಿದ್ದು, 1990ರಲ್ಲಿ ಪ್ರಕಟವಾದಂತೆ, ಇಲಿಗಳ ಯಕೃತ್ತಿನಿಂದ. ಪ್ರೋಟೀನುಗಳ ತಯಾರಿಕೆಯನ್ನು ತಡೆಯುವ ಒಂದು ವಿಷವಸ್ತುವನ್ನು ಆ ಇಲಿಗಳಿಗೆ ಚುಚ್ಚಲಾಗಿತ್ತು. ಸಂಕಟದ ದೂತನನ್ನು ಹಿಡಿಯಲು ಮೊದಲು ಸಂಕಟವನ್ನೇ ಉಂಟುಮಾಡಬೇಕಾಯಿತೆಂಬುದು ಚಿಂತನೀಯ.

1994ರ ಹೊತ್ತಿಗೆ ಈ ಎರಡೂ ಕಿಣ್ವಗಳ ವಂಶವಾಹಿಗಳು ತಿಳಿದುಬಂದವು. ಅನಂತರ ಪರಿಸ್ಥಿತಿ ಬದಲಾಯಿತು. ಮಾನವನ ವಂಶವಾಹಿಯ ಪ್ರತಿಯನ್ನು ಈ-ಕೋಲೈ ಎಂಬ ಬ್ಯಾಕ್ಟೀರಿಯಾಕ್ಕೆ ಸೇರಿಸಿದರೆ ಅದು ಮಾನವ ಕಿಣ್ವವನ್ನೇ ತಯಾರಿಸುತ್ತದೆ. ಆ ಬ್ಯಾಕ್ಟೀರಿಯಾಗಳನ್ನು ಒಡೆದು, ಕಿಣ್ವವನ್ನು ಶೋಧಿಸಿ, ಅತಿಶೀತದಲ್ಲಿ ಕಾಪಿಡುತ್ತಾರೆ. ಇದಕ್ಕೆ ಪುನಸ್ಸಂಯೋಜಿತ ಕಿಣ್ವವೆಂದು ಹೆಸರು. ಇದೇ ಮಾರ್ಗದಿಂದ ಮಧುಮೇಹಿಗಳಿಗೂ ಉಪಕಾರವಾಗಿದೆ. ಒಂದು ಕಾಲದಲ್ಲಿ ಇನ್ಸುಲಿನ್‌ಗಾಗಿ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಗಳನ್ನು ಟನ್ನುಗಟ್ಟಲೆ ಸಂಗ್ರಹಿಸಬೇಕಾಗಿತ್ತು. 1982ರಲ್ಲಿ ಅಮೆರಿಕದಲ್ಲಿ ಬ್ಯಾಕ್ಟೀರಿಯಾದಿಂದ ತಯಾರಾದ ಇನ್ಸುಲಿನ್‌ಗೆ ಅನುಮತಿ ದೊರೆಯಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಯೀಸ್ಟಿನ ಮೂಲಕ ತಯಾರಿಸಿದ ಮಾನವ ಇನ್ಸುಲಿನ್‌ಅನ್ನು ಹೊರತಂದಿತು.

ಹಾಗಾದರೆ ಸಮಸ್ಯೆ ಪರಿಹಾರವಾಯಿತೆ? ಪಂಚೇಂದ್ರಿಯ ಜೀವಿಯ ಸ್ಥಾನದಲ್ಲಿ ಸೂಕ್ಷ್ಮಜೀವಿ ಬಂದಿರುವುದು ದೊಡ್ಡ ಮೆಟ್ಟಿಲೆಂಬುದರಲ್ಲಿ ಸಂದೇಹವಿಲ್ಲ. ಪ್ರಾಣಗಳು ಹತ್ತೆಂದು ಆಗಮ ಹೇಳುತ್ತದೆ. ಸಂಜ್ಞಿ ಪಂಚೇಂದ್ರಿಯಕ್ಕೆ ಹತ್ತೂ ಉಂಟು. ಏಕೇಂದ್ರಿಯಕ್ಕೆ ಸ್ಪರ್ಶನೇಂದ್ರಿಯ, ಕಾಯಬಲ, ಆಯು, ಶ್ವಾಸೋಚ್ಛ್ವಾಸ ಎಂಬ ನಾಲ್ಕೇ. ಬ್ಯಾಕ್ಟೀರಿಯಾವನ್ನು ಏಕೇಂದ್ರಿಯವೆಂದು ಗ್ರಹಿಸಿದರೆ, ಅದರ ಘಾತವು ಗೃಹಸ್ಥನ ಅಡುಗೆ, ಕೃಷಿಗಳಲ್ಲಿ ನಡೆಯುವ ಆರಂಭೀ, ಉದ್ಯೋಗೀ ಹಿಂಸೆಗಳ ಸಾಲಿಗೆ ಸೇರುತ್ತದೆ. ಅಣುವ್ರತಿಯು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸುತ್ತಾನೆ. ಸ್ಥಾವರ ಹಿಂಸೆಯನ್ನು ಅವಶ್ಯಕತೆಯ ಮಿತಿಯಲ್ಲಿರಿಸುತ್ತಾನೆ. ಆದರೆ ನಾಲ್ಕು ಪ್ರಾಣವೆಂದರೆ ಶೂನ್ಯವಲ್ಲ. ನಿಷ್ಪ್ರಯೋಜಕವಾದ ಘಾತವು ಅನರ್ಥದಂಡವೇ ಸರಿ.

ಇನ್ನೊಂದು ತೊಡಕುಂಟು. ಪಿ-38 ಕಿಣ್ವವನ್ನು ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಅನಂತರ ಮತ್ತೊಂದು ಕಿಣ್ವದ ನೆರವಿನಿಂದ ನಳಿಕೆಯಲ್ಲಿಯೇ ಎಚ್ಚರಿಸಬಹುದು. ಆದರೆ ಕೆಲವು ಕೈನೇಸ್‌ಗಳು ಬ್ಯಾಕ್ಟೀರಿಯಾದಲ್ಲಿ ಸರಿಯಾಗಿ ರೂಪುಗೊಳ್ಳವು. ಅವುಗಳಿಗಾಗಿ ಕೀಟದ ಜೀವಕೋಶಗಳನ್ನು ಬಳಸುತ್ತಾರೆ. ಫಾಲ್ ಸೈನಿಕ ಹುಳುವೆಂಬ ಪತಂಗದ ಕೋಶಾವಸ್ಥೆಯ ಅಂಡಾಶಯದಿಂದ 1970ರ ದಶಕದಲ್ಲಿ ತೆಗೆದ ಕೋಶಸಂತತಿ ಇಂದಿಗೂ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿದೆ. 2018ರಲ್ಲಿ ನಮ್ಮ ರಾಜ್ಯದ ಮೆಕ್ಕೆಜೋಳದ ಹೊಲಗಳಲ್ಲಿ ಕಾಣಿಸಿಕೊಂಡು ರೈತರನ್ನು ಕಂಗೆಡಿಸಿದ್ದು ಇದೇ ಹುಳು. ಪತಂಗವು ಚತುರಿಂದ್ರಿಯ ಜೀವಿ, ಆದ್ದರಿಂದ ತ್ರಸ. ಅಂದು ನಡೆದ ಘಾತವು ತ್ರಸಘಾತವೇ ಆಗಿತ್ತು. ಆದರೆ ಇಂದು ಬೆಳೆಯುವ ಕೋಶಗಳಿಗೆ ಕಣ್ಣಿಲ್ಲ, ಮೂಗಿಲ್ಲ, ನಾಲಗೆಯಿಲ್ಲ. ಅವುಗಳಿಗಾಗಿ ಹೊಸ ಪತಂಗವನ್ನು ಕೊಲ್ಲಬೇಕಾಗಿಯೂ ಇಲ್ಲ. ಇವುಗಳನ್ನು ತ್ರಸವೆನ್ನಬೇಕೆ, ಏಕೇಂದ್ರಿಯದಂತೆ ಕಾಣಬೇಕೆ ಎಂಬುದು ಶಾಸ್ತ್ರಜ್ಞರು ನಿರ್ಣಯಿಸಬೇಕಾದ ವಿಷಯ. ಬ್ಯಾಕ್ಟೀರಿಯಾದಿಂದಲೇ ಕೆಲಸ ಸಾಗುವಲ್ಲಿ ಅದನ್ನೇ ಆರಿಸಿಕೊಳ್ಳುವುದು ವಿವೇಕವೆಂದಷ್ಟೇ ಇಲ್ಲಿ ಹೇಳಬಹುದು.

ಇವೆರಡಕ್ಕಿಂತಲೂ ಗಂಭೀರವಾದದ್ದು ಕಣ್ಣಿಗೆ ಬೀಳದ ಮೂರನೆಯ ಸಂಗತಿ. ಶುದ್ಧ ಕಿಣ್ವದ ಜೊತೆಯಲ್ಲಿ ಅಶುದ್ಧ ಪರಿವಾರವೊಂದು ಬರಬಹುದು. ಕಿಣ್ವವು ಕೆಡದಿರಲೆಂದು ಅನೇಕ ವೇಳೆ ದನದ ರಕ್ತದಿಂದ ತೆಗೆದ ಆಲ್ಬುಮಿನ್ ಬೆರೆಸುತ್ತಾರೆ. ಕಿಣ್ವದ ಸಾಮರ್ಥ್ಯವನ್ನು ಅಳೆಯಲು ದನದ ಮೆದುಳಿನಿಂದ ತೆಗೆದ ಮೈಲಿನ್ ಪ್ರೋಟೀನನ್ನು ಬಳಸುವುದುಂಟು. ಕೋಶಗಳನ್ನು ಬೆಳೆಸಲು ಬಳಸುವ ಭ್ರೂಣರಸವಂತೂ ಕಸಾಯಿಖಾನೆಯಲ್ಲಿ ವಧೆಯಾದ ಗಬ್ಬದ ಹಸುವಿನ ಹೊಟ್ಟೆಯಲ್ಲಿದ್ದ ಕರುವಿನ ರಕ್ತದಿಂದ ತಯಾರಾದದ್ದು. ಹೊರಗಿನ ಚೀಟಿಯಲ್ಲಿ ಬ್ಯಾಕ್ಟೀರಿಯಾದ ಹೆಸರು ಮಾತ್ರ ಇದ್ದು, ಒಳಗಿನ ದ್ರವದಲ್ಲಿ ಪಂಚೇಂದ್ರಿಯದ ರಕ್ತಾಂಶವಿರಬಹುದು. ಇವುಗಳಿಗೆ ಬದಲಿಗಳಿಲ್ಲವೆಂದಲ್ಲ. ಪುನಸ್ಸಂಯೋಜಿತ ಆಲ್ಬುಮಿನ್ ಉಂಟು; ಪಿ-38ರ ಪರೀಕ್ಷೆಗೆ ಬ್ಯಾಕ್ಟೀರಿಯಾದಲ್ಲಿ ತಯಾರಾದ ಎ.ಟಿ.ಎಫ್.-2 ಎಂಬ ಪ್ರೋಟೀನು ಉಂಟು. ಕೀಟಕೋಶಗಳನ್ನು ಭ್ರೂಣರಸವಿಲ್ಲದ ಮಾಧ್ಯಮದಲ್ಲಿಯೂ ಬೆಳೆಸುತ್ತಾರೆ. ಬದಲಿಯಿದ್ದೂ ಬಳಸದಿರುವುದು ಬಹುಮಟ್ಟಿಗೆ ರೂಢಿಯಿಂದ, ಬೆಲೆಯ ಲೆಕ್ಕದಿಂದ, ಯಾರೂ ಕೇಳದಿರುವುದರಿಂದ.

ಪ್ರಮತ್ತಯೋಗವೇ ಹಿಂಸೆಯ ಮೂಲವೆಂದು ಉಮಾಸ್ವಾಮಿಗಳು ಬೋಧಿಸಿದ್ದು ಇಂತಹ ಪ್ರಸಂಗಗಳಿಗೆ ಚೆನ್ನಾಗಿ ಅನ್ವಯಿಸುತ್ತದೆ. ಕೊಲ್ಲುವ ದ್ವೇಷ ಇಲ್ಲಿ ಯಾರಲ್ಲಿಯೂ ಇಲ್ಲ, ಇರುವುದು ಅಲಕ್ಷ್ಯ. ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ. ಪ್ರಯೋಗ ಮಾಡುವವನದು ಕೃತವಾದರೆ, ಹಣವಿತ್ತು ಮಾಡಿಸುವ ಟ್ರಸ್ಟಿನದು ಕಾರಿತ. ವಿಚಾರಿಸದೆ ವರದಿಗೆ ತಲೆದೂಗುವ ಸದಸ್ಯರದು ಅನುಮೋದಿತ. ಕತ್ತಿ ನಮ್ಮ ಕೈಯಲ್ಲಿಲ್ಲವೆಂಬ ಸಮಾಧಾನ ಇಲ್ಲಿ ಸಲ್ಲದು.

“ನೋವಿನಿಂದ ನರಳುವ ರೋಗಿಯ ಮುಂದೆ ಇಷ್ಟು ಸೂಕ್ಷ್ಮ ವಿಚಾರ ಬೇಕೆ?” ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪಣೆ ಹಗುರವಾದುದಲ್ಲ. ರೋಗಿಯನ್ನು ಉಪೇಕ್ಷಿಸುವುದೂ ಹಿಂಸೆಯೇ. ಆದರೆ ವಿಚಾರಿಸುವುದೆಂದರೆ ನಿರಾಕರಿಸುವುದಲ್ಲ. ಈರ್ಯಾಸಮಿತಿಯನ್ನು ಪಾಲಿಸುವ ಮುನಿಯು ನೊಗದಷ್ಟು ದೂರ ನೆಲವನ್ನು ನೋಡುತ್ತಾ ನಡೆಯುತ್ತಾನೆ, ನಡಿಗೆಯನ್ನೇ ನಿಲ್ಲಿಸುವುದಿಲ್ಲ. ಇನ್ನು ಪ್ರಾಣಿಪ್ರಯೋಗವಿಲ್ಲದೆ ನಿಶ್ಚಿತಜ್ಞಾನ ದೊರೆಯದೆಂಬ ಮಾತನ್ನೂ ಪರೀಕ್ಷಿಸಿ ಒಪ್ಪಬೇಕು. ಪಿ-38 ಕಿಣ್ವವನ್ನು ತಡೆಯುವ ಹಲವು ಔಷಧಿಗಳು ನಳಿಕೆಯಲ್ಲಿಯೂ ಪ್ರಾಣಿಗಳಲ್ಲಿಯೂ ಭರವಸೆ ಹುಟ್ಟಿಸಿ, ಸಂಧಿವಾತದ ರೋಗಿಗಳಲ್ಲಿ ನಿರೀಕ್ಷಿತ ಫಲ ಕೊಡಲಿಲ್ಲ. ನಳಿಕೆಯ ಪ್ರಯೋಗವೇ ಸಾಕೆಂದು ಇದರಿಂದ ಸಿದ್ಧವಾಗುವುದಿಲ್ಲ. ಇಲಿಯ ಸಾವು ತಾನಾಗಿ ಮನುಷ್ಯನಿಗೆ ಅಭಯವನ್ನು ಒದಗಿಸುವುದಿಲ್ಲವೆಂಬುದು ಮಾತ್ರ ಸಿದ್ಧವಾಗುತ್ತದೆ. 2022ರಲ್ಲಿ ಅಮೆರಿಕವೂ 2023ರಲ್ಲಿ ಭಾರತವೂ ಹೊಸ ಔಷಧಿಗಳ ಪರೀಕ್ಷೆಯಲ್ಲಿ ಪ್ರಾಣಿರಹಿತ ವಿಧಾನಗಳಿಗೆ ಕಾನೂನಿನಲ್ಲಿ ಅವಕಾಶ ಕಲ್ಪಿಸಿರುವುದು ಸಂತೋಷದ ಸಂಗತಿ.

ಈ ಚಿಂತನೆ ನಮ್ಮ ನಾಡಿಗೆ ಹೊಸತೂ ಅಲ್ಲ. 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ತಮ್ಮ ಕಲ್ಯಾಣಕಾರಕವೆಂಬ ವೈದ್ಯಗ್ರಂಥದಲ್ಲಿ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ಚಿಕಿತ್ಸೆಯನ್ನು ನಿರೂಪಿಸಿದರು. ಮಾಂಸವು ಔಷಧವಾಗಲಾರದೆಂದು ನೃಪತುಂಗನ ಆಸ್ಥಾನದಲ್ಲಿ ವೈದ್ಯರ ಎದುರಿನಲ್ಲಿ ವಾದಿಸಿದರು. ಅವರು ವೈದ್ಯವನ್ನು ತ್ಯಜಿಸಲಿಲ್ಲ. ವೈದ್ಯದ ದ್ರವ್ಯವನ್ನು ಶೋಧಿಸಿದರು. ಔಷಧವೂ ಬೇಕು, ಅಹಿಂಸೆಯೂ ಬೇಕು ಎಂಬ ಹಟದಿಂದಲೇ ಆ ಗ್ರಂಥ ಹುಟ್ಟಿತು.

ಆದ್ದರಿಂದ ಸಂಶೋಧನೆಗೆ ನೆರವು ನೀಡುವ ಟ್ರಸ್ಟುಗಳು ಹಣ ಮಂಜೂರು ಮಾಡುವ ಮುನ್ನ ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಕೇಳುವುದು ಉಚಿತ. ಬಳಸುವ ಕಿಣ್ವ, ಪ್ರೋಟೀನುಗಳ ಮೂಲ ಯಾವುದು? ಅವುಗಳೊಡನೆ ಬೆರೆತಿರುವ ದ್ರವ್ಯಗಳು ಪ್ರಾಣಿಜನ್ಯವೆ, ಅವಕ್ಕೆ ಬದಲಿಯುಂಟೆ? ಬದಲಿಯಿದ್ದರೆ ಅದರ ಹೆಚ್ಚಿನ ವೆಚ್ಚವೆಷ್ಟು? ಈ ಮೂರನೆಯ ಪ್ರಶ್ನೆಗೆ ಬಂದ ಉತ್ತರವನ್ನು ನೋಡಿ ಆ ವೆಚ್ಚವನ್ನು ಟ್ರಸ್ಟು ತಾನೇ ಭರಿಸಲು ಮುಂದಾಗಲಿ. ಹಾಗೆ ಭರಿಸಿದ ಹಣವು ಔಷಧದಾನದ ಲೆಕ್ಕಕ್ಕೂ ಸೇರುತ್ತದೆ, ಅಭಯದಾನದ ಲೆಕ್ಕಕ್ಕೂ ಸೇರುತ್ತದೆ.