ಕುಲಾಲನೂ ಕುಲಾಲನ ತಂದೆಯೂ

ತರ್ಕಶಾಸ್ತ್ರಕ್ಕೆ ಹೊಸದಾಗಿ ಕಾಲಿಟ್ಟ ಬಾಲಕನಿಗೆ ಮೊತ್ತಮೊದಲು ಎದುರಾಗುವ ವಸ್ತು ಮಡಕೆ. ಮಡಕೆಗೆ ಮಣ್ಣು ಉಪಾದಾನ. ಕುಂಬಾರನೂ ಅವನ ದಂಡಚಕ್ರಗಳೂ ನಿಮಿತ್ತ. ಮಣ್ಣನ್ನು ಹೊತ್ತು ತಂದ ಕತ್ತೆಯೂ ಕುಂಬಾರನನ್ನು ಹೆತ್ತ ತಂದೆಯೂ ಮಡಕೆಗಿಂತ ಮೊದಲೇ ಇದ್ದವರಾದರೂ ಅದಕ್ಕೆ ಕಾರಣರಲ್ಲ, ಅವರು ‘ಅನ್ಯಥಾಸಿದ್ಧ’ರು. ವಿಶ್ವನಾಥ ಪಂಚಾನನರ ಕಾರಿಕಾವಲಿಯನ್ನು ಬಾಯಿಪಾಠ ಮಾಡಿದವರೆಲ್ಲರೂ ಇದನ್ನು ಬಲ್ಲರು. ಪಾಠಶಾಲೆಯಲ್ಲಿ ಇದು ಬುದ್ಧಿಯ ಕಸರತ್ತು. ಆದರೆ ಕೈಗೆಲಸದ ವಸ್ತುಗಳ ಪ್ರದರ್ಶನವೊಂದರಲ್ಲಿ ನಿಂತವನಿಗೆ ಇದೇ ಪ್ರಶ್ನೆಯು ಧರ್ಮದ ಪ್ರಶ್ನೆಯಾಗಿ ಮರಳಿ ಬರುತ್ತದೆ: ಈ ವಸ್ತುವಿಗೆ ಕಾರಣರು ಯಾರು, ಅವರಲ್ಲಿ ಯಾರಿಗೆ ನಾವು ಋಣಿಗಳು?

ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪಿತವಾದ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ವರ್ಷದ ಬೇರೆ ಬೇರೆ ಕಾಲಗಳಲ್ಲಿ ಕರಕುಶಲ ವಸ್ತುಗಳ ಮೇಳಗಳು ನೆರೆಯುತ್ತವೆ. 2003ರಿಂದ ಚಿತ್ರಸಂತೆಯೂ ನಡೆದುಬಂದಿದೆ. ಮಟಕಿ, ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಗೆ ಇಂತಹ ಕಾಲಕಾಲದ ಪ್ರದರ್ಶನವು ಹೊಸತೇನೂ ಅಲ್ಲ. ಹೋಳಿಯ ಹಿಂದೆಯೇ ಬರುವ ಕಲಬುರಗಿಯ ಶರಣಬಸವೇಶ್ವರರ ಜಾತ್ರೆ, ಗಾಣಗಾಪುರದ ದತ್ತಜಯಂತಿ ಇವೆಲ್ಲ ಆ ಬಗೆಯವೇ. ಭೇದವಿಷ್ಟೆ: ಜಾತ್ರೆಯಲ್ಲಿ ಕಂಬಳಿಯ ಹಿಂದೆ ಅದನ್ನು ನೇಯ್ದವನು ಕುಳಿತಿರುವುದುಂಟು, ಕೊಳ್ಳುವವನು ಅವನ ಮುಖವನ್ನು ನೋಡದೆ ಕಂಬಳಿಯನ್ನು ಮುಟ್ಟಲಾರನು. ಚಿತ್ರಶಾಲೆಯಲ್ಲಾದರೋ ವಸ್ತುವು ಬಿಳಿಯ ಪೀಠದ ಮೇಲೆ ಒಂಟಿಯಾಗಿ ಕುಳಿತಿರುತ್ತದೆ; ಕೆಳಗೆ ಬೆಲೆಯ ಚೀಟಿ ಇರುತ್ತದೆ.

ಇಲ್ಲಿ ಒಂದು ಪೂರ್ವಪಕ್ಷ ಹುಟ್ಟುವುದು. ವಸ್ತು ಸುಂದರವಾಗಿದೆ, ಹೇಳಿದ ಬೆಲೆಯನ್ನು ಕೊಟ್ಟಾಯಿತು. ಇನ್ನು ಮಾಡಿದವನ ಚಿಂತೆ ಏತಕ್ಕೆ? ಹಣ ಕೊಟ್ಟೊಡನೆ ಋಣ ತೀರಲಿಲ್ಲವೆ?

ಈ ಶಂಕೆಗೆ ಬೀದರಿನ ಒಂದು ಹೂದಾನಿಯೇ ಉತ್ತರ ಹೇಳಬಲ್ಲದು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರವನ್ನು ಬೆರೆಸಿ ಎರಕ ಹೊಯ್ಯುತ್ತಾರೆ. ಉಳಿಯಿಂದ ಬಳ್ಳಿಯನ್ನು ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರಿನ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚಿದರೆ ಲೋಹವು ಕಪ್ಪಾಗುತ್ತದೆ, ಬೆಳ್ಳಿಯು ಬೆಳ್ಳಗೇ ಉಳಿಯುತ್ತದೆ. ಸತುವಿಗೂ ತಾಮ್ರಕ್ಕೂ ಬೆಳ್ಳಿಗೂ ಪೇಟೆಯ ದರವುಂಟು. ದಿನದ ಕೂಲಿಗೂ ಲೆಕ್ಕವುಂಟು. ಆದರೆ ಯಾವ ಮಣ್ಣು ಕೆಲಸಕ್ಕೆ ಬಂದೀತು, ಯಾವುದು ಬಾರದು ಎಂಬ ವಿವೇಕಕ್ಕೆ ದರವೆಲ್ಲಿದೆ? ಅದು ಕೈಯಿಂದ ಕೈಗೆ ಬಂದುದು. 2023ರಲ್ಲಿ ಪದ್ಮಶ್ರೀ ಪಡೆದ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರು ಈ ವಿದ್ಯೆಯನ್ನು ಕಲಿತುದು ತಮ್ಮ ತಂದೆಯವರಿಂದ. ಹೂದಾನಿಯನ್ನು ಕೊಂಡವನು ಲೋಹಕ್ಕೂ ದಿನಗಳಿಗೂ ಬೆಲೆ ತೆತ್ತನೇ ಹೊರತು, ಆ ದಿನಗಳ ಹಿಂದಿರುವ ತಲೆಮಾರುಗಳಿಗೆ ತೆತ್ತವನಲ್ಲ. ಅನ್ಯಥಾಸಿದ್ಧನೆಂದು ತರ್ಕವು ಬದಿಗಿಟ್ಟ ಕುಲಾಲನ ತಂದೆಯು ಇಲ್ಲಿ ಮತ್ತೆ ಬಾಗಿಲಲ್ಲಿ ನಿಲ್ಲುತ್ತಾನೆ.

ನಮ್ಮ ಸೀಮೆಯ ಕೌದಿಯು ಇನ್ನೂ ಸ್ಪಷ್ಟವಾದ ನಿದರ್ಶನ. ಉಟ್ಟು ಹಳತಾದ ಸೀರೆ ಧೋತರಗಳನ್ನು ಪದರು ಪದರಾಗಿ ಹಾಸಿ, ಸಾಲು ಸಾಲಾಗಿ ಕೈಹೊಲಿಗೆ ಹಾಕಿ ಮನೆಯ ಹೆಂಗಸರು ಮಾಡುವ ವಸ್ತುವದು. ಅದನ್ನು ಹೊದ್ದು ಬೆಳೆದವನು ಅದನ್ನು ಕಲೆಯೆಂದು ಎಣಿಸಿದವನಲ್ಲ. ಅದೇ ಕೌದಿಯನ್ನು ಇಂದು ಪಟ್ಟಣದ ಚಿತ್ರಶಾಲೆಯ ಗೋಡೆಗೆ ತೂಗುಹಾಕಿದರೆ ಅವನು ಬೆರಗಾಗಿ ನಿಲ್ಲುತ್ತಾನೆ. ಈ ಬೆರಗು ಒಳ್ಳೆಯದೇ. ಆದರೆ ಗೋಡೆಯ ಮೇಲಿನ ಕೌದಿಗೆ ಕೈಮುಗಿದು, ಮನೆಯಲ್ಲಿ ಹೊಲಿಯುತ್ತ ಕುಳಿತ ಅಜ್ಜಿಯ ಕಣ್ಣಿನ ನೋವನ್ನು ಕೇಳದವನು ಕಾರ್ಯವನ್ನು ಪೂಜಿಸಿ ಕಾರಣವನ್ನು ಮರೆತಂತಾಯಿತು.

ಬೆಲೆಯ ವಿಷಯದಲ್ಲಿಯೂ ಒಂದು ಮಾತುಂಟು. ಬೆಲೆಯನ್ನು ಅಚ್ಚು ಹಾಕಿದ ಅಂಗಡಿಯಲ್ಲಿ ತುಟಿಪಿಟಕ್ಕೆನ್ನದೆ ಹಣ ತೆರುವ ಮಹಾಶಯನು, ಕೈಯಿಂದ ಮಾಡಿದವನ ಮುಂದೆ ಮಾತ್ರ ಚೌಕಾಶಿಗೆ ನಿಲ್ಲುವನು. ಐದಕ್ಕಿಯ ಮಾರಯ್ಯನು ದಿನದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದ ಕಥೆಯನ್ನು ಈ ನಾಡಿನ ಮಕ್ಕಳೂ ಬಲ್ಲರು. ಅದನ್ನು ಬಡವನ ಸಂತೃಪ್ತಿಯ ಕಥೆಯೆಂದು ಉಳ್ಳವರು ಓದಿ ಮೆಚ್ಚುತ್ತಾರೆ. ಆದರೆ ಚೌಕಾಶಿಯಲ್ಲಿ ಗೆದ್ದು ಜೇಬಿನಲ್ಲಿ ಉಳಿಸಿಕೊಂಡ ನೂರು ರೂಪಾಯಿ ಯಾರ ಅಕ್ಕಿ? ಲಕ್ಕಮ್ಮನ ಪ್ರಶ್ನೆಯು ಕೊಳ್ಳುವವನಿಗೂ ಸಲ್ಲುವುದು.

ಇಷ್ಟಾದರೂ ಇನ್ನೊಂದು ಆಕ್ಷೇಪವಿದೆ. ಅದು ಮೊದಲಿನದಕ್ಕಿಂತ ಬಲವಾದುದು. ತಂದೆಯನ್ನೂ ಪರಂಪರೆಯನ್ನೂ ಹೀಗೆ ಎತ್ತಿ ಹಿಡಿದರೆ, ಕುಂಬಾರನ ಮಗನು ಕುಂಬಾರನೇ ಆಗಿರಬೇಕೆಂದು ವಿಧಿಸಿದಂತಾಗದೆ? ಪ್ರದರ್ಶನದಲ್ಲಿ ಹೂಜಿಯನ್ನು ಕೊಂಡು, ‘ಅಯ್ಯೋ, ಇವರ ಮಕ್ಕಳು ಕುಲಕಸುಬನ್ನು ಬಿಟ್ಟು ಓದಲು ಹೋಗುತ್ತಿದ್ದಾರಂತೆ’ ಎಂದು ಮರುಗುವವರುಂಟು. ತಮ್ಮ ಮಕ್ಕಳನ್ನು ಮಾತ್ರ ವೈದ್ಯರಾಗಲು ಕಳುಹಿಸಿ ಹೀಗೆ ಮರುಗುವುದು ಕ್ರೌರ್ಯದ ಒಂದು ಸೌಮ್ಯರೂಪವಲ್ಲದೆ ಬೇರಲ್ಲ.

ಇದಕ್ಕೆ ಸಮಾಧಾನವನ್ನು ತರ್ಕಶಾಸ್ತ್ರವೇ ಹೇಳಿಟ್ಟಿದೆ. ಕಾರಿಕಾವಲಿಗೆ ವಿಶ್ವನಾಥರೇ ಬರೆದ ಮುಕ್ತಾವಲಿಯಲ್ಲಿ ಒಂದು ಸೂಕ್ಷ್ಮವಿದೆ. ಕುಲಾಲನ ತಂದೆಯು ‘ತಂದೆ’ ಎಂಬ ರೂಪದಿಂದ ಮಡಕೆಗೆ ಕಾರಣನಲ್ಲ; ಅವನೂ ಕುಲಾಲನೇ ಆಗಿದ್ದು ಆ ರೂಪದಿಂದ ಕಾರಣನೆನ್ನುವುದಾದರೆ ಅದು ನಮಗೆ ಒಪ್ಪಿಗೆಯೇ. ಈ ಮಾತಿನ ತಿರುಳನ್ನು ಲೋಕಕ್ಕೆ ಅನ್ವಯಿಸಿದರೆ, ಹೆತ್ತುದು ಕಾರಣವಲ್ಲ, ವಿದ್ಯೆಯೇ ಕಾರಣ. ಆದುದರಿಂದ ನಮ್ಮ ಋಣವಿರುವುದು ಕುಲಕ್ಕಲ್ಲ, ಕಲಿಸಿದವರಿಗೆ. ಕಲಾಶಾಲೆಯಲ್ಲಿ ಕಲಿತು ಹೊಸ ಹೂಜಿಯನ್ನು ತಿದ್ದುವ ಯಾವ ಮನೆಯ ಹೆಣ್ಣುಮಗಳೂ ಆ ಪರಂಪರೆಯ ನಿಜವಾದ ಸಂತಾನವೇ. ಕಸುಬನ್ನು ಬಿಟ್ಟು ಹೋದ ಮಗನು ದ್ರೋಹಿಯಲ್ಲ. ಕಲಿಯಬೇಕೆಂಬ ಆಸೆಯಿದ್ದೂ ಹೊಟ್ಟೆಗಿಲ್ಲವೆಂಬ ಭಯದಿಂದ ಬಿಟ್ಟು ಹೋದವನ ವಿಷಯದಲ್ಲಿ ಮಾತ್ರ ಕೊಳ್ಳುವವರೆಲ್ಲರೂ ಉತ್ತರ ಹೇಳಬೇಕಾಗುವುದು.

ಹೊಸ ರೂಪಗಳ ಬಗೆಗೆ ಹಳಹಳಿಸುವುದೂ ಅನಾವಶ್ಯಕ. ಹಿಂದೆ ಬೀದರಿನವರು ಹುಕ್ಕದ ಬುಡವನ್ನೂ ಎಲೆಯಡಿಕೆಯ ಡಬ್ಬಿಯನ್ನೂ ಮಾಡುತ್ತಿದ್ದರು. ಹುಕ್ಕ ಹೋಯಿತು, ರೂಪ ಬದಲಾಯಿತು. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿಯೂ ಬಿದರಿಯ ವಸ್ತುಗಳಿದ್ದುವು. ಪ್ರದರ್ಶನಕ್ಕೆ ಹೋದ ಮಾತ್ರಕ್ಕೆ ಕಲೆಯು ಕೆಡಲಿಲ್ಲ. ಅದು ಕೆಡುವುದು ಸುಳ್ಳಿನಿಂದ, ಯಂತ್ರದ ಅಚ್ಚನ್ನು ಕೈಗೆಲಸವೆಂದು ಮಾರುವುದರಿಂದ. 2006ರಲ್ಲಿ ಬಿದರಿಗೆ ದೊರೆತ ಭೌಗೋಳಿಕ ಸೂಚಕದ ರಕ್ಷಣೆಯು ಹೆಸರನ್ನು ಕಾಯಬಹುದು. ಕೊಳ್ಳುವವನ ಕಣ್ಣನ್ನು ಕಾಯುವುದು ಅವನದೇ ಕೆಲಸ.

ಆದುದರಿಂದ ಪ್ರದರ್ಶನಕ್ಕೆ ಹೋದ ಗೃಹಸ್ಥನು ಮೂರು ಕೆಲಸಗಳನ್ನು ಮಾಡಬಹುದು. ಮಾಡಿದವರ ಹೆಸರನ್ನೂ, ಅವರಿಗೆ ಕಲಿಸಿದವರ ಹೆಸರನ್ನೂ ಕೇಳಲಿ. ನ್ಯಾಯವಾದ ಬೆಲೆಯನ್ನು ದಾನವೆಂದು ಭಾವಿಸದೆ ಕೊಡಲಿ. ಕೊಂಡುದನ್ನು ಗಾಜಿನ ಪೆಟ್ಟಿಗೆಯಲ್ಲಿ ಸೆರೆಯಿಡದೆ ಬಳಸಲಿ. ಕೌದಿಯನ್ನು ಹೊದೆಯಲಿ, ಹೂಜಿಯಲ್ಲಿ ನೀರು ತುಂಬಲಿ. ಬಳಸಿ ಸವೆದ ವಸ್ತುವಿಗೆ ಇನ್ನೊಂದು ಬೇಕಾಗುವುದು. ಇನ್ನೊಂದು ಬೇಕಾದಾಗ ಮಾಡುವ ಕೈಗೆ ಕೆಲಸವೂ ಕಲಿಯುವ ಕೈಗೆ ಧೈರ್ಯವೂ ಬರುವುದು.